ನಾಲ್ಕೂ ಅಂಚು ಮುಚ್ಚಿದ ಕಿಟಕಿ

“ಕೆಳಗಡೆ ಅಂಚಿಗೆ ಕೈ ಹಾಕಿ ನೋಡಿ ತಾಯಿ,” ಎಂದರು ದೊಡ್ಡಹನುಮಯ್ಯ. “ಬೆರಳಿಗೆ ಸಂದು ಸಿಗುತ್ತಾ?”

ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರಾ ಕಟ್ಟಡದ ಹೊರಗೋಡೆಗೆ ಕಟ್ಟಿದ ಸಾರುವೆಯ ಹಲಗೆಯ ಮೇಲೆ ಮಂಡಿಯೂರಿದ್ದಳು. ಎಡಗೈಯಲ್ಲಿ ಕಬ್ಬಿಣದ ಕೊಳವೆಯನ್ನು ಬಿಗಿಯಾಗಿ ಹಿಡಿದು, ಬಲಗೈ ತೋರುಬೆರಳನ್ನು ಕಿಟಕಿಯ ಕೆಳಗಿನ ಬಿಳಿ ಪ್ಲಾಸ್ಟಿಕ್ ಪಟ್ಟಿಯ ಉದ್ದಕ್ಕೂ ಎಳೆದಳು. ಪಟ್ಟಿ ಗೋಡೆಗೆ ಸೇರುವ ಕಡೆ ಈ ತುದಿಯಿಂದ ಆ ತುದಿಯವರೆಗೆ ಸಿಲಿಕಾನ್ ಅಂಟು ತುಂಬಿತ್ತು. ರಬ್ಬರಿನ ಹಾಗೆ ಮೆತ್ತಗೆ, ತಣ್ಣಗೆ.

“ಇಲ್ಲ. ಪೂರ್ತಿ ಮುಚ್ಚಿದೆ.”

“ಈಗ ಪಕ್ಕದ ಕಿಟಕಿ ಇನ್ನೊಂದ್ಸಲ ನೋಡಿ.”

ಐದು ದಿನದ ಹಿಂದೆ, ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಇದೇ ನಾಲ್ಕನೇ ಮಹಡಿಯ ಹಲಗೆಯಿಂದ ದೊಡ್ಡಹನುಮಯ್ಯನವರ ಮಗ ಆನಂದ್ ಬಿದ್ದು ಸತ್ತಿದ್ದ. ಬೆಲ್ಟ್ ಕಟ್ಟಿಕೊಳ್ಳದೆ ಕಿಟಕಿಗೆ ಪಟ್ಟಿ ಹೊಡೆಯುತ್ತಿದ್ದ, ಅವನದೇ ಅಜಾಗರೂಕತೆ ಎಂದು ಠಾಣೆಯಲ್ಲಿ ಬರೆದು ಮುಗಿಸಿದ್ದರು.

ಸಂಘಮಿತ್ರಾ ಹಲಗೆಯ ಮೇಲೆ ನಾಲ್ಕು ಹೆಜ್ಜೆ ಸರಿದು ಪಕ್ಕದ ಕಿಟಕಿಗೆ ಬಂದಳು. ಮೇಲಿನ ಅಂಚಿಗೆ ಸಿಲಿಕಾನ್ ಇತ್ತು. ಎರಡು ಪಕ್ಕಕ್ಕೂ ಇತ್ತು, ದಾರ ಹಿಡಿದು ಎಳೆದಷ್ಟು ನೇರವಾಗಿ. ಕೆಳಗೆ ಮಾತ್ರ ಇರಲಿಲ್ಲ. ಉಗುರು ತೂರುವಷ್ಟು ಸಂದನ್ನು ಬೇಕೆಂದೇ ಬಿಟ್ಟ ಹಾಗಿತ್ತು.

“ಮೇಲೆ ಮುಚ್ಚಬೇಕು, ಪಕ್ಕ ಮುಚ್ಚಬೇಕು, ಕೆಳಗಡೆ ಮುಚ್ಚಬಾರದು.” ಆ ಮನೆಯ ಮಲಗುವ ಕೋಣೆಯೊಳಗೆ ನಿಂತು, ಕಿಟಕಿಯ ಕಟ್ಟೆಗೆ ಎದೆಯಾನಿಸಿ ಮುದುಕರು ಮಾತಾಡುತ್ತಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಇನ್ನೊಂದು ಸಾಕಾಗಿತ್ತು. “ಎಷ್ಟೇ ಮಾಡಿದ್ರೂ ಗೋಡೆಯೊಳಕ್ಕೆ ನೀರು ಹೋಗುತ್ತೆ ತಾಯಿ. ಹೋಗಿದ್ದು ಆಚೆ ಬರೋಕೆ ದಾರಿ ಬೇಕು. ನಾನು ಮರದ ಕಿಟಕಿ ಮಾಡೋ ಕಾಲದಲ್ಲಿ ಅವನಿಗೆ ಹೇಳ್ಕೊಟ್ಟಿದ್ದು. ಮರ ಹೋಗಿ ಪ್ಲಾಸ್ಟಿಕ್ ಬಂತು. ನೀರು ಅದೇ ನೀರಲ್ವಾ.”

“ಹನ್ನೆರಡು ಕಿಟಕಿ ಅಂದ್ರಲ್ಲ.”

“ಪೂರ್ವದ ಗೋಡೆಗೆ ಹನ್ನೆರಡು. ಬೆಳಿಗ್ಗೆ ಕೆಳಗಿಂದ ಹತ್ತಿ ಬರ್ತಾ ಹನ್ನೊಂದೂ ಮುಟ್ಟಿ ನೋಡಿದ್ರಲ್ಲ, ಎಲ್ಲದರಲ್ಲೂ ಕೆಳಗಡೆ ದಾರಿ ಬಿಟ್ಟಿದ್ದಾನೆ. ಇದೊಂದಕ್ಕೆ ನಾಲ್ಕೂ ಕಡೆ ಮೆತ್ತಿದ್ದಾರೆ. ಇದು ನನ್ನ ಮಗನ ಕೈ ಅಲ್ಲ. ಕೆಲಸ ಗೊತ್ತಿರೋನ ಕೈಯೇ ಅಲ್ಲ.”

ಈ ಮಾತನ್ನೇ ಹೇಳಲು ಅವರು ಮೂರು ದಿನ ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಶವ ಸುಟ್ಟ ಮರುದಿನ ಮಗನ ಸಾಮಾನು ತರಲೆಂದು ಇಲ್ಲಿಗೆ ಬಂದವರು ಕಿಟಕಿಯನ್ನೊಮ್ಮೆ ನೋಡಿಕೊಂಡು ಸೀದಾ ಠಾಣೆಗೆ ನಡೆದಿದ್ದರು. ಅಲ್ಲಿ ಅವರನ್ನು ಎಲ್ಲರೂ ಏಕವಚನದಲ್ಲೇ ಮಾತಾಡಿಸಿದ್ದರು. ನಾಲ್ಕನೆಯ ದಿನ ಸಂಘಮಿತ್ರಾ ಕಡತ ಕೇಳಿದಾಗ ಇನ್ಸ್‌ಪೆಕ್ಟರ್ ಕನ್ನಡಕದ ಮೇಲಿಂದ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಕಡೆಯವರಾ?”

ಅವಳು ದನಿಯೇರಿಸಿಯೇ ಕಡತ ಪಡೆದಿದ್ದಳು. ಹನ್ನೊಂದು ವರ್ಷದ ನೌಕರಿಯಲ್ಲಿ ಆ ಪ್ರಶ್ನೆ ಎಷ್ಟು ಬಾರಿ ಬಂದಿತ್ತೋ ಅವಳಿಗೆ ಲೆಕ್ಕ ತಪ್ಪಿತ್ತು.

ಅವಳು ಹನ್ನೆರಡನೆಯ ಕಿಟಕಿಗೆ ಮರಳಿ ಮುಖವನ್ನು ಹತ್ತಿರ ತಂದಳು. ಸಿಲಿಕಾನಿನ ಮೈಮೇಲೆ ಸಣ್ಣ ಸಣ್ಣ ಕುಳಿಗಳಿದ್ದವು. ಸಿಡುಬು ಬಂದು ಹೋದ ಚರ್ಮದ ಹಾಗೆ, ಎಡದಿಂದ ಬಲದವರೆಗೆ. ಪಕ್ಕದ ಕಿಟಕಿಯ ಗೆರೆ ನುಣುಪಾಗಿತ್ತು.

“ಇದೇನು ಯಜಮಾನರೇ, ತೂತು ತೂತು?”

ಮುದುಕರು ಕೈ ಚಾಚಿ ಸವರಿದರು. ಅವರ ಮುಖ ಬದಲಾಯಿತು.

“ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಸಿ ಇದ್ದಾಗ ಮಳೆ ಹೊಡೆದಿದೆ. ಅಂಟು ಹಾಕೋ ಗನ್ನಿಂದ ಬಿಟ್ಟ ಅರ್ಧ ಗಂಟೆಗೆಲ್ಲ ಮೇಲೆ ಕೆನೆ ಕಟ್ಟಿಬಿಡುತ್ತೆ. ಆಮೇಲೆ ಎಂಥ ಮಳೆ ಬಂದ್ರೂ ಗುರುತು ಬೀಳಲ್ಲ.”

ಸಂಘಮಿತ್ರಾ ಹಲಗೆಯ ಮೇಲೆ ಹಾಗೇ ಕುಳಿತಳು. ಗುರುವಾರ ಮಳೆ ಬಂದದ್ದು ಮಧ್ಯಾಹ್ನ ಎರಡಕ್ಕೆ. ಅವಳು ಕೋರ್ಟಿನಿಂದ ಬರುತ್ತಿದ್ದಳು. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಕೆಳಗೆ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ನಿಂತಿದ್ದಳು. ಅದರ ಮುಂಚೆ ವಾರವೆಲ್ಲ ಬಿಸಿಲು. ಆಮೇಲೂ ಒಂದು ಹನಿ ಬಿದ್ದಿರಲಿಲ್ಲ.

ಅಂದರೆ ಒಂದೂವರೆಯಿಂದ ಎರಡರೊಳಗೆ ಯಾರೋ ಈ ಹಲಗೆಯ ಮೇಲೆ ನಿಂತು, ಆನಂದನ ಅಂಟಿನ ಗನ್ ಹಿಡಿದು, ಆನಂದ್ ಅರ್ಧಕ್ಕೆ ಬಿಟ್ಟ ಕಿಟಕಿಯನ್ನು ಮುಚ್ಚಿದ್ದರು. ಆ ಹೊತ್ತಿಗೆ ಆನಂದ್ ಶವಾಗಾರದಲ್ಲಿದ್ದ.

“ಇನ್ನು ಹೊರಗಡೆ ನೋಡಿದ್ದು ಸಾಕು,” ಎಂದಳು. “ಒಳಗೆ ಏನಿದೆ ನೋಡೋಣ.”

ಅವಳು ಕೆಳಗೆ ಬಗ್ಗಿ ಕೂಗಿದಳು. ಆವರಣದಲ್ಲಿ ಜೀಪಿಗೆ ಒರಗಿ ನಿಂತಿದ್ದ ಎಎಸ್‌ಐ ಭೈರೇಶ್ ತಲೆಯೆತ್ತಿದ. ಎದುರಿನ ಬೀದಿಯ ಇಬ್ಬರನ್ನು ಪಂಚರೆಂದು ಕರೆದುಕೊಂಡು ಐದೇ ನಿಮಿಷದಲ್ಲಿ ಮೇಲೆ ಬಂದ. ಐವತ್ತು ದಾಟಿದ ಆಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ.

“ಮೇಡಂ, ನೀವು ಒಳಗೆ ಬನ್ನಿ. ಕಾಲು ಜಾರಿದ್ರೆ ಏನು ಗತಿ? ನಾನು ಕೊಯ್ತೀನಿ, ಚಾಕು ಕೊಡಿ.”

“ಬೇಡ ಭೈರೇಶಣ್ಣ. ನೀವು ಚೀಲ ಹಿಡ್ಕೊಂಡಿರಿ ಸಾಕು.”

ಇಡೀ ಠಾಣೆಯಲ್ಲಿ ಅವಳು ಅಣ್ಣ ಎಂದು ಕರೆಯುತ್ತಿದ್ದುದು ಅವನೊಬ್ಬನನ್ನೇ. ಮಲ್ಲತ್ತಹಳ್ಳಿಯ ಹಳೆಯ ಒಕ್ಕಲು ಮನೆಯವನು. ತಾಯಿ ಹನುಮಕ್ಕ ಕಟ್ಟಿಕೊಟ್ಟ ಮುದ್ದೆ, ಸೊಪ್ಪಿನ ಸಾರನ್ನು ಎರಡು ಪಾಲು ಮಾಡಿ ಅವಳ ಮುಂದಿಡುತ್ತಿದ್ದ. ಅವಳು ಬಂದ ಹೊಸದರಲ್ಲಿ ಬೇರೆ ಯಾರೂ ಅವಳ ಜೊತೆ ಊಟಕ್ಕೆ ಕೂತಿರಲಿಲ್ಲ.

ಚಾಕು ಸಿಲಿಕಾನಿನೊಳಗೆ ಸಲೀಸಾಗಿ ಇಳಿಯಿತು. ಕೆಳಗಿನ ಪಟ್ಟಿಯನ್ನು ಅಂಟಿನ ಸಮೇತ ಬಿಡಿಸಿ ಭೈರೇಶನ ಕೈಗೆ ಕೊಟ್ಟಳು. ಎಡಗಡೆಯ ಪಟ್ಟಿ ಬಿಗಿಯಾಗಿತ್ತು. ಮುದುಕರು ತಮ್ಮ ಚೀಲದಿಂದ ಉಳಿ ತೆಗೆದು ಕೊಟ್ಟರು. ಟಪ್ಪೆಂದು ಪಟ್ಟಿ ಎದ್ದು ಬಂತು.

ಅದರ ಹಿಂದೆ ಗೋಡೆ ಸೀಳಿತ್ತು.

ಕಿಟಕಿಯ ಮೂಲೆಯಿಂದ ಹೊರಟ ಬಿರುಕು ಓರೆಯಾಗಿ ಕೆಳಕ್ಕೆ ಇಳಿದು ಪಕ್ಕದ ಕಂಬದವರೆಗೆ ಹೋಗಿತ್ತು. ಪಟ್ಟಿಯ ಆಚೆಗಿದ್ದ ಭಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಬಾಯಿ ಅಗಲವಾಗಿದ್ದ ಕಡೆಗೆ ಪಟ್ಟಿ. ಒಳಗೆ ಕಬ್ಬಿಣದ ಸರಳು ತುಕ್ಕು ಹಿಡಿದು ಕಾಣುತ್ತಿತ್ತು.

ಬಿರುಕಿನ ಪಕ್ಕದಲ್ಲಿ ಬಡಗಿಯ ದಪ್ಪ ಪೆನ್ಸಿಲಿನಿಂದ ಎರಡು ಸಾಲು ಬರೆದಿತ್ತು.

ಮಂಗಳವಾರ — ೨ ನೂಲು.
ಗುರುವಾರ — ೩ ನೂಲು.

“ಇಂಚಿಗೆ ಎಂಟು ನೂಲು,” ಎಂದರು ದೊಡ್ಡಹನುಮಯ್ಯ. ಮಗನ ಅಕ್ಷರವನ್ನು ಅವರು ಮುಟ್ಟಲಿಲ್ಲ. ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. “ಅಳತೆ ತಗೊಂಡಿದ್ದಾನೆ. ಎರಡೇ ದಿನಕ್ಕೆ ಒಂದು ನೂಲು ಬಾಯಿ ಬಿಟ್ಟಿದೆ.”

“ಇವತ್ತು ಎಷ್ಟಿದೆ?”

ಅವರು ಮಡಚುವ ಅಡಿಪಟ್ಟಿ ಬಿಡಿಸಿ ಬಿರುಕಿಗೆ ಅಡ್ಡ ಇಟ್ಟರು. ಒಳ್ಳೆಯ ಕಣ್ಣನ್ನು ಹತ್ತಿರ ತಂದರು. ಮತ್ತೊಮ್ಮೆ ಇಟ್ಟು ನೋಡಿದರು.

“ಐದು.”

ಕೆಳಗಿನ ಯಾವುದೋ ಮನೆಯಲ್ಲಿ ಕುಕ್ಕರ್ ಕೂಗಿತು. ಹದಿನಾರು ಮನೆಗಳ ಕಟ್ಟಡ ಅದು. ಶ್ರೀಗಂಧದ ಕಾವಲಿನ ಆ ಬೀದಿಯಲ್ಲಿ ಎಲ್ಲಕ್ಕಿಂತ ಹೊಸದಾಗಿ ಕಾಣುತ್ತಿದ್ದುದೂ ಅದೇ, ಕಿಟಕಿಗೆಲ್ಲ ಬಿಳಿ ಪಟ್ಟಿ ಹೊಡೆಸಿಕೊಂಡು.

“ಭೈರೇಶಣ್ಣ, ಈ ಎರಡೂ ಪಟ್ಟಿ ಚೀಲಕ್ಕೆ ಹಾಕಿ ಸೀಲ್ ಮಾಡಿ. ಪಂಚರ ಸಹಿ ತಗೊಳ್ಳಿ. ಜೀಪಲ್ಲಿಡಿ. ಆಮೇಲೆ ವಾರ್ಡ್ ಎಂಜಿನಿಯರ್‌ಗೆ ಈಗಲೇ ಫೋನ್ ಮಾಡಿ, ಎಲ್ಲ ಬಿಟ್ಟು ಬರಬೇಕು ಅಂತ ಹೇಳಿ. ಸಂಜೆಯೊಳಗೆ ಇಷ್ಟೂ ಮನೆ ಖಾಲಿ ಆಗಬೇಕು.”

“ಮಾಡ್ತೀನಿ ಮೇಡಂ. ನೀವು ನೀರು ಕುಡೀರಿ ಮೊದಲು.”

ಅವನು ಮುದುಕರ ಭುಜ ಹಿಡಿದು ಮೆಲ್ಲಗೆ ಮೆಟ್ಟಿಲ ಕಡೆ ನಡೆಸಿಕೊಂಡು ಹೋದ.

*

ಹನ್ನೆರಡನೆಯ ಕಿಟಕಿಯಿದ್ದ ಮನೆಯ ಯಜಮಾನರು ಮೋಹನ್ ಕುಮಾರ್. ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಕಟ್ಟಡದ ಸಂಘದ ಕಾರ್ಯದರ್ಶಿ. ಇಷ್ಟು ಹೊತ್ತೂ ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದರು. ಸಂಘಮಿತ್ರಾ ಬಂದಾಗ ಅದನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಟೀಪಾಯಿಯ ಮೇಲಿಟ್ಟರು.

“ಕಾಫಿ ತರ್ಲಾ ಮೇಡಂ?”

“ಬಿರುಕು ನಿಮಗೆ ಯಾವಾಗಿಂದ ಗೊತ್ತು ಸಾರ್?”

“ಬಿರುಕು ಇಲ್ಲದ ಬಿಲ್ಡಿಂಗು ಈ ಏರಿಯಾದಲ್ಲಿ ಎಲ್ಲಿದೆ ಹೇಳಿ.”

“ನಾನು ಕೇಳಿದ್ದು ಅದಲ್ಲ.”

ಅವರು ಕನ್ನಡಕ ತೆಗೆದು ಒರೆಸಿದರು. “ಹೋದ ಯುಗಾದಿಗೆ ಕಾಣಿಸ್ತು. ಮೊದಲು ಕೂದಲೆಳೆ ಥರ ಇತ್ತು. ಕಟ್ಟಿದೋನು ಹಳೇ ಕಾಲುವೆ ಮುಚ್ಚಿ ಕಟ್ಟಿದ್ದಾನೆ, ಅದು ನಮಗೆ ಗೊತ್ತಾಗಿದ್ದೂ ಆಮೇಲೇ. ಅವನು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.”

“ಪಾಲಿಕೆಗೆ ಬರೀಬಹುದಿತ್ತು.”

“ಬರೆದ್ರೆ ಏನಾಗ್ತಿತ್ತು? ವಾಸಕ್ಕೆ ಯೋಗ್ಯ ಅಲ್ಲ ಅಂತ ಬೋರ್ಡ್ ಹಾಕೋರು. ಹದಿನಾರು ಸಂಸಾರ ಮೇಡಂ. ಒಬ್ಬೊಬ್ಬರದೂ ಜೀವಮಾನದ ದುಡಿಮೆ ಈ ಗೋಡೆಯೊಳಗಿದೆ. ರಸ್ತೆಯಲ್ಲಿ ನಿಂತ್ಕೋಬೇಕಾ ನಾವು?”

“ಅದಕ್ಕೆ ಪಟ್ಟಿ ಹೊಡೆಸಿ, ಗೊತ್ತಿಲ್ಲದೋರಿಗೆ ಮಾರೋದು ಅಂತ ತೀರ್ಮಾನ ಮಾಡಿದ್ರಿ. ಗೇಟಿಗೆ ಮಾರಾಟದ ಬೋರ್ಡು ಹಾಕಿರೋದು ನೋಡಿದೆ.”

“ಯಾರೂ ಹಾಗೆ ಹೇಳಲಿಲ್ಲ.” ಮೋಹನ್ ಕುಮಾರ್ ಮೊದಲ ಬಾರಿಗೆ ಅವಳ ಕಣ್ಣನ್ನು ನೋಡಿದರು. “ನೀವು ನಂಬಲ್ಲ, ಆದ್ರೂ ಹೇಳ್ತೀನಿ. ಮೀಟಿಂಗಲ್ಲಿ ಒಬ್ಬರೂ ಆ ಮಾತನ್ನ ಬಾಯಿ ಬಿಟ್ಟು ಆಡಲಿಲ್ಲ. ಕಿಟಕಿಯಿಂದ ಮಳೆ ನೀರು ಬರುತ್ತೆ, ಸುತ್ತ ಪಟ್ಟಿ ಹಾಕಿಸೋಣ ಅಂದ್ರು. ಎಲ್ಲರೂ ಕೈ ಎತ್ತಿದ್ರು. ಟೀ ಕುಡಿದು ಎದ್ದು ಹೋದ್ವಿ.”

ಕೊಲೆಗಾರರನ್ನು ಸಂಘಮಿತ್ರಾ ನೋಡಿದ್ದಳು. ಅವರಲ್ಲಿ ಕೆಲವರು ಅತ್ತದ್ದನ್ನೂ ನೋಡಿದ್ದಳು. ಟೀ ಕುಡಿದು ಎದ್ದು ಹೋದವರನ್ನು ನೋಡಿದ್ದು ಇದೇ ಮೊದಲು.

“ಈ ಮನೆ ಯಾರಿಗೆ ಮಾರ್ತಾ ಇದೀರಿ?”

“ಗಂಡ ಹೆಂಡತಿ. ಇಬ್ಬರೂ ಕೆಲಸದಲ್ಲಿದಾರೆ. ಸೋಮವಾರ ರಿಜಿಸ್ಟ್ರೇಷನ್.”

“ಮಕ್ಕಳು?”

ಅವರು ಮಲಗುವ ಕೋಣೆಯ ಕಡೆ ನೋಡಿದರು. “ಒಬ್ಬಳು ಹುಡುಗಿ. ಆ ಕಡೆ ರೂಮು ತನಗೇ ಬೇಕು ಅಂದಿದ್ದಾಳೆ. ಬೆಳಿಗ್ಗೆ ಬಿಸಿಲು ಬರುತ್ತಲ್ಲ, ಅದಕ್ಕೆ.”

“ಆನಂದ್ ನಿಮ್ಮ ಹತ್ರ ಏನು ಹೇಳಿದ?”

“ಮಂಗಳವಾರ ಬಂದ. ಸಾರ್, ಇದಕ್ಕೆ ಪಟ್ಟಿ ಹೊಡೆಯೋದಲ್ಲ, ಎಂಜಿನಿಯರ್‌ನ ಕರೆಸಿ ಅಂದ. ಹೇಳಿದಷ್ಟು ಕೆಲಸ ಮಾಡಪ್ಪ ಅಂದೆ. ಮಾಡಿದ. ಹನ್ನೊಂದು ಕಿಟಕಿ ಏನೂ ಮಾತಾಡ್ದೆ ಮಾಡಿದ. ಗುರುವಾರ ಬೆಳಿಗ್ಗೆ ಈ ಕಿಟಕಿ ಹತ್ರ ನಿಂತು ಫೋಟೋ ತೆಗೀತಾ ಇದ್ದ.”

“ಆಮೇಲೆ?”

“ಆಮೇಲೆ ಬಿದ್ದ.”

“ಅಷ್ಟೇನಾ?”

“ನಾನು ಅಡುಗೆಮನೇಲಿದ್ದೆ. ಸದ್ದು ಕೇಳ್ತು.”

ಅವರ ಕೈ ಟೀಪಾಯಿಯ ಮೇಲಿನ ಪೇಪರನ್ನು ಮತ್ತೆ ನೇರ ಮಾಡಿತು. ಅದು ನೇರವಾಗಿಯೇ ಇತ್ತು.

“ಅವನ ಫೋನ್ ನಮಗೆ ಚೂರು ಚೂರಾಗಿ ಸಿಕ್ಕಿದೆ,” ಎಂದಳು ಸಂಘಮಿತ್ರಾ. “ಮಧ್ಯಾಹ್ನ ಒಂದೂವರೆಗೆ ಈ ಕಿಟಕಿಗೆ ಸಿಲಿಕಾನ್ ಹೊಡೆದದ್ದು ಯಾರು?”

ಮೋಹನ್ ಕುಮಾರ್ ಬೆಚ್ಚಿದ್ದು ನಿಜ. ಅವರಿಗೆ ಆ ಸಂಗತಿ ಗೊತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು.

“ನಾನು ಆಸ್ಪತ್ರೇಲಿದ್ದೆ. ಆಂಬುಲೆನ್ಸ್ ಜೊತೆಗೇ ಹೋದೆ, ಮೂರು ಗಂಟೆಗೆ ವಾಪಸ್ ಬಂದಿದ್ದು. ಬೇಕಾದ್ರೆ ಕೇಳಿ.”

“ಮನೆ ಕೀ?”

“ಬೀಗ ಹಾಕಿರಲಿಲ್ಲ. ನಿಮ್ಮೋರು ಓಡಾಡ್ತಾ ಇದ್ರಲ್ಲ.”

ನಿಮ್ಮೋರು. ಆ ದಿನದ ಮಹಜರು ಬರೆದವನು ಭೈರೇಶ್. ಸಾರುವೆಯ ಹತ್ತಿರ ಯಾರನ್ನೂ ಬಿಟ್ಟಿರಲಿಲ್ಲ ಎಂದು ಅವನೇ ಹೇಳಿದ್ದ. ಹೊರಗೆ ಹೋದ ಮೇಲೆ ಅವನನ್ನೊಮ್ಮೆ ಸರಿಯಾಗಿ ಕೇಳಬೇಕು, ಯಾರೋ ಕಣ್ಣು ತಪ್ಪಿಸಿರಬೇಕು ಎಂದುಕೊಂಡಳು.

“ನನ್ನನ್ನೇ ಯಾಕೆ ಕೇಳ್ತೀರ?” ಮೋಹನ್ ಕುಮಾರರ ದನಿ ಗಟ್ಟಿಯಾಯಿತು. “ಆ ಮುದುಕನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಬಂದಿದ್ದೀರಲ್ಲ, ಅವನನ್ನ ಕೇಳಿ.”

“ಏನು ಕೇಳಬೇಕು?”

ಅವರು ಜೇಬಿನಿಂದ ಫೋನ್ ತೆಗೆದು, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗಿ, ಅವಳ ಮುಂದೆ ಹಿಡಿದರು. ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ನಾಲ್ಕು ನಿಮಿಷದ ಕರೆ. ನಂಬರನ್ನು ಅವಳು ಓದಿಕೊಂಡಳು. ಅವಳ ಫೋನಿನಲ್ಲೂ ಇದ್ದ ನಂಬರು.

ದೊಡ್ಡಹನುಮಯ್ಯನವರದು.

“ನನ್ನ ಮಗ ಫೋಟೋ ತೆಗೆದಿದ್ದಾನೆ, ಪಾಲಿಕೆ ಆಫೀಸಿಗೆ ಹೋಗ್ತಾನೆ, ತಡೀರಿ ಸಾರ್ ಅಂತ ಈ ನಂಬರಿಂದ ಫೋನ್ ಬಂತು. ಬಂದು ಮುಕ್ಕಾಲು ಗಂಟೆಗೆ ಅವನು ಬಿದ್ದ. ನಿಮ್ಮ ಹತ್ರ ಅದನ್ನ ಹೇಳಿದ್ನಾ ಅವನು?”

ಹೇಳಿರಲಿಲ್ಲ.

*

ಜೀಪನ್ನು ಭೈರೇಶನೇ ಓಡಿಸುತ್ತಿದ್ದ, ಚಾಲಕ ರಜೆಯಲ್ಲಿದ್ದ. ಮುದುಕರನ್ನು ಮನೆಗೆ ಬಿಟ್ಟು ಠಾಣೆಗೆ ಹೋಗುವುದೆಂದಾಗಿತ್ತು. ಹಿಂದಿನ ಸೀಟಿನಲ್ಲಿ ದೊಡ್ಡಹನುಮಯ್ಯ, ಅವರ ಪಕ್ಕದಲ್ಲಿ ಸೀಲ್ ಮಾಡಿದ ಉದ್ದನೆಯ ಚೀಲ.

“ಎಂಜಿನಿಯರ್ ಸಿಕ್ಕಿದ್ರಾ?”

“ಮಾತಾಡಿದೆ ಮೇಡಂ. ನಾಲ್ಕು ಗಂಟೆಗೆ ಬರ್ತಾರಂತೆ.”

ನಾಗರಭಾವಿ ದಾಟುವವರೆಗೂ ಸಂಘಮಿತ್ರಾ ಹಿಂದಕ್ಕೆ ತಿರುಗಲಿಲ್ಲ. ಕನ್ನಡಿಯಲ್ಲಿ ಮುದುಕರ ಮುಖ ಕಾಣುತ್ತಿತ್ತು. ಮೂರು ದಿನ ಬೆಂಚಿನ ಮೇಲೆ ಕೂತಿದ್ದ ಈ ಮನುಷ್ಯನಿಗಾಗಿ ಅವಳು ಇನ್ಸ್‌ಪೆಕ್ಟರ್ ಹತ್ತಿರ ದನಿಯೇರಿಸಿದ್ದಳು. ಅವರು ಸುಳ್ಳು ಹೇಳಿದ್ದರೆ ಅವಳಿಗೆ ನಷ್ಟವಾಗುವುದು ಒಂದು ಕೇಸು ಮಾತ್ರ ಆಗಿರಲಿಲ್ಲ.

ಅತ್ತಿಗುಪ್ಪೆಯ ಆ ಗಲ್ಲಿಗೆ ಜೀಪು ಹೋಗುವುದಿಲ್ಲ. ಮೂಲೆಯಲ್ಲಿ ನಿಲ್ಲಿಸಿದರು.

“ಹತ್ತು ನಿಮಿಷ ಭೈರೇಶಣ್ಣ. ಇಲ್ಲೇ ಇರಿ.”

ಎರಡು ಕೋಣೆಯ ಮನೆ. ಹಳೆಯ ಮರದ ಕಿಟಕಿ, ಮುದುಕರ ಕೈಯದೇ ಇರಬೇಕು, ಇವತ್ತಿಗೂ ಸಂದಿಲ್ಲದೆ ಕೂತಿತ್ತು. ಆನಂದನ ಫೋಟೋದ ಮುಂದೆ ದೀಪ. ಅವನ ಹೆಂಡತಿ ಕೋಕಿಲಾ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದಳು. ಗಂಡನ ಶವ ನೋಡಿ ಬಿದ್ದವಳು ನಿನ್ನೆಯಷ್ಟೇ ಎದ್ದು ಓಡಾಡುತ್ತಿದ್ದಳಂತೆ. ಪೊಲೀಸರು ಯಾರೂ ಅವಳನ್ನು ಇನ್ನೂ ಮಾತಾಡಿಸಿರಲಿಲ್ಲ.

ಸಂಘಮಿತ್ರಾ ಕುರ್ಚಿಯ ಮೇಲೆ ಕೂರಲಿಲ್ಲ.

“ಗುರುವಾರ ಬೆಳಿಗ್ಗೆ ಮೋಹನ್ ಕುಮಾರ್‌ಗೆ ಯಾಕೆ ಫೋನ್ ಮಾಡಿದ್ರಿ ಯಜಮಾನರೇ?”

“ನಾನಾ?”

“ನಿಮ್ಮ ನಂಬರು. ಹತ್ತು ಹನ್ನೆರಡಕ್ಕೆ. ನಾಲ್ಕು ನಿಮಿಷ ಮಾತಾಡಿದ್ದೀರಿ. ನನ್ನ ಹತ್ರ ಒಂದು ಮಾತು ಹೇಳಲಿಲ್ಲ.”

ಮುದುಕರ ಬಾಯಿ ತೆರೆದುಕೊಂಡಿತು. “ಇಲ್ಲ ತಾಯಿ. ಗುರುವಾರ ಬೆಳಿಗ್ಗೆ ನಾನು ಕಣ್ಣಾಸ್ಪತ್ರೇಲಿದ್ದೆ. ಫೋನು ಮನೇಲೇ ಬಿಟ್ಟು ಹೋಗಿದ್ದೆ. ಅದು…”

ಅವರು ನಿಧಾನಕ್ಕೆ ಸೊಸೆಯ ಕಡೆ ತಿರುಗಿದರು.

ಕೋಕಿಲಾ ಅಳಲಿಲ್ಲ. ಅಳು ಮುಗಿದುಹೋಗಿತ್ತೇನೋ. “ನಾನು ಮಾಡಿದ್ದು ಮಾವ,” ಎಂದಳು.

“ಯಾಕೆ ಕೋಕಿಲಾ?” ಸಂಘಮಿತ್ರಾಳ ದನಿ ತಗ್ಗಿತು.

“ಬೆಳಿಗ್ಗೆ ತಿಂಡಿ ತಿನ್ನದೆ ಹೋದ್ರು ಮೇಡಂ. ಇವತ್ತು ಫೋಟೋ ತೆಗೆದು ಆಫೀಸಿಗೆ ಕೊಟ್ಟೇ ಬರ್ತೀನಿ, ಆ ಮನೇಲಿ ಮಕ್ಕಳಿದಾವೆ ಅಂದ್ರು. ದೊಡ್ಡೋರ ಜೊತೆ ಯಾಕೆ ಬೇಕು ಅಂತ ನನಗೆ ಭಯ ಆಯ್ತು. ಕೆಲಸ ಕೊಟ್ಟೋರ ನಂಬರು ಮಾವನ ಫೋನಲ್ಲಿತ್ತು. ನಮ್ಮೋರು ಕೋಪದಲ್ಲಿದಾರೆ, ಕೂರಿಸಿ ಸಮಾಧಾನ ಹೇಳಿ ಸಾರ್ ಅಂತ ಕೇಳ್ಕೊಂಡೆ. ಅಷ್ಟೇ ಮೇಡಂ ನಾನು ಕೇಳಿದ್ದು.”

ದೊಡ್ಡಹನುಮಯ್ಯ ಗೋಡೆ ಹಿಡಿದು ಕೆಳಗೆ ಕುಳಿತರು. ಸೊಸೆಯನ್ನು ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

“ಮೋಹನ್ ಕುಮಾರ್ ಏನಂದ್ರು?”

“ಅವರು ಎತ್ತಲಿಲ್ಲ. ಕೆಲಸ ಒಪ್ಪಿಸೋಕೆ ಇಲ್ಲಿಗೆ ಬಂದಿದ್ದಾಗ ಅವರ ದನಿ ಕೇಳಿದ್ದೀನಿ, ಸಣ್ಣಗೆ ಇರುತ್ತೆ. ಇದು ಬೇರೆ ಯಾರೋ, ದಪ್ಪ ದನಿ. ಸಾರ್ ಒಳಗಿದಾರೆ, ನನ್ನ ಹತ್ರ ಹೇಳಮ್ಮ ಅಂದ್ರು. ನಾನು ಹೇಳೋದೆಲ್ಲ ಕೇಳಿಸ್ಕೊಂಡ್ರು. ಆಮೇಲೆ, ಆ ಫೋಟೋ ಬೇರೆ ಯಾರಿಗಾದ್ರೂ ಕಳಿಸಿದ್ದಾನಾ ಅಂತ ಕೇಳಿದ್ರು. ಇಲ್ಲ ಸಾರ್, ಅವರ ಫೋನಲ್ಲೇ ಇರುತ್ತೆ ಅಂದೆ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿದಳು. “ಒಳ್ಳೇದಾಯ್ತು ಬಿಡಮ್ಮ, ನಾವು ನೋಡ್ಕೋತೀವಿ ಅಂದ್ರು.”

ಬೆಳಿಗ್ಗೆ ಹತ್ತು ಹನ್ನೆರಡಕ್ಕೆ ಆ ಮನೆಯಲ್ಲಿ ಮೋಹನ್ ಕುಮಾರ್ ಒಬ್ಬರೇ ಇರಲಿಲ್ಲ. ಅವರು ಮುಚ್ಚಿಟ್ಟದ್ದು ಅದನ್ನು. ಸಂಘಮಿತ್ರಾ ಟಿಪ್ಪಣಿ ಪುಸ್ತಕ ತೆಗೆದಳು.

“ಆ ದನಿ ಮತ್ತೆ ಕೇಳಿದ್ರೆ ಗುರುತು ಹಿಡೀತೀಯಾ?”

ಕೋಕಿಲಾ ಉತ್ತರಿಸುವ ಮುಂಚೆ ಹೊರಗೆ ಬೂಟಿನ ಸದ್ದಾಯಿತು. ಗಲ್ಲಿಯಲ್ಲಿ ಯಾರೋ ನಡೆದು ಬಂದು ಬಾಗಿಲಿನ ಆಚೆ ನಿಂತರು.

“ಮೇಡಂ, ಹೊರಡೋಣ್ವಾ? ಇನ್ಸ್‌ಪೆಕ್ಟರ್ ಸಾರ್ ಆಗಲೇ ಎರಡು ಸಲ ಫೋನ್ ಮಾಡಿದ್ರು.”

ಭೈರೇಶ್.

ಕೋಕಿಲಾಳ ಬೆರಳಿನಿಂದ ಸೆರಗು ಬಿಚ್ಚಿಕೊಂಡಿತು. ಅವಳು ಬಾಗಿಲನ್ನು ನೋಡಲಿಲ್ಲ. ಸಂಘಮಿತ್ರಾಳನ್ನು ನೋಡಿದಳು. ಅದೇ ದನಿ ಎಂಬಂತೆ ತಲೆಯಾಡಿಸಿದಳು.

“ಎರಡು ನಿಮಿಷ, ಬಂದೆ,” ಎಂದಳು ಸಂಘಮಿತ್ರಾ ಬಾಗಿಲಿನ ಕಡೆಗೆ. ತನ್ನ ದನಿ ಎಂದಿನ ಹಾಗೆಯೇ ಇದ್ದುದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಬೂಟಿನ ಸದ್ದು ದೂರ ಹೋಯಿತು.

ಅಡುಗೆಮನೆಯ ಒಳಗೆ ಸರಿದು ವಾರ್ಡ್ ಎಂಜಿನಿಯರ್ ದಿವ್ಯ ಅವರ ನಂಬರನ್ನು ಒತ್ತಿದಳು.

“ನಮ್ಮ ಠಾಣೆಯಿಂದ ಎಷ್ಟು ಹೊತ್ತಿಗೆ ಫೋನ್ ಬಂತು ಮೇಡಂ ನಿಮಗೆ?”

“ಯಾವ ಫೋನ್? ನಾನು ಬೆಳಿಗ್ಗೆಯಿಂದ ಆಫೀಸಲ್ಲೇ ಇದೀನಿ. ಯಾರೂ ಮಾಡಿಲ್ಲ.”

ಹದಿನಾರು ಮನೆ. ಐದು ನೂಲು. ಸಂಘಮಿತ್ರಾ ವಿಳಾಸ ಹೇಳಿದಳು, ಈಗಲೇ ಹೊರಡಿ ಎಂದಳು, ಯಾರು ಕೇಳಿದರೂ ನನ್ನ ಹೆಸರು ಹೇಳಬೇಡಿ ಎಂದಳು. ನಂತರ ಕೋಕಿಲಾಳ ಕಡೆ ತಿರುಗಿ, “ಬಾಗಿಲು ಹಾಕ್ಕೋ. ನಾನೇ ಬಂದು ಕರೆಯೋವರೆಗೂ ತೆಗೀಬೇಡ,” ಎಂದಳು.

ಗಲ್ಲಿ ಐವತ್ತು ಹೆಜ್ಜೆಯೂ ಇರಲಿಲ್ಲ. ನಡೆಯುತ್ತಾ ಅವಳು ಲೆಕ್ಕ ಹಾಕುತ್ತಿದ್ದಳು: ಗುರುವಾರ ಆ ಫೋನ್ ಎತ್ತಿದವನೂ ಮಧ್ಯಾಹ್ನ ಕಿಟಕಿ ಮುಚ್ಚಿದವನೂ ಭೈರೇಶನೇ, ಆ ಹದಿನಾರು ಮನೆಗಳಲ್ಲಿ ಅವನದೂ ಒಂದಿರಬೇಕು. ಗೋಡೆಯ ಮೇಲಿನ ಅಕ್ಷರವನ್ನು ಯಾರು ಬೇಕಾದರೂ ಅಳಿಸಬಹುದು. ಮಳೆಯ ಗುರುತು ಬಿದ್ದ ಆ ಸಿಲಿಕಾನ್ ಇರುವುದು ಒಂದೇ ಕಡೆ. ಅದನ್ನು ತಾನೇ, ತನ್ನ ಕೈಯಾರೆ, ಇವನ ಕೈಗೆ ಕೊಟ್ಟಿದ್ದಳು.

ಭೈರೇಶ್ ಸ್ಟೀರಿಂಗ್ ಹಿಂದೆ ಕೂತಿದ್ದ. ಅವಳನ್ನು ನೋಡಿ ಬಗ್ಗಿ ಎಡಗಡೆಯ ಬಾಗಿಲು ತೆಗೆದುಕೊಟ್ಟ, ದಿನಾ ತೆಗೆದುಕೊಡುವ ಹಾಗೆ.

ಅವಳು ಹತ್ತಲಿಲ್ಲ. ಹಿಂದಿನ ಸೀಟು ಖಾಲಿಯಿತ್ತು.

“ಚೀಲ ಎಲ್ಲಿ ಭೈರೇಶಣ್ಣ?”

ಅವನು ಹಿಂದಕ್ಕೊಮ್ಮೆ ನೋಡಿ ಮತ್ತೆ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಗಾಬರಿಯೂ ಇರಲಿಲ್ಲ. ಬುತ್ತಿ ಬಿಚ್ಚಿ ಅವಳ ಪಾಲನ್ನು ಮುಂದಿಡುವಾಗ ಇರುತ್ತಿದ್ದ ಅದೇ ಅಕ್ಕರೆ ಇತ್ತು.

“ಯಾವ ಚೀಲ ಮೇಡಂ?”